ಹೊಸಬರ ಭಾನುವಾರ

ನಮ್ಮ ಮನೆಯವರಿಗೆ ಮಾತು ಕಡಿಮೆ ಎಂದು ನನ್ನ ತವರಿನವರು ಇವತ್ತಿಗೂ ನಂಬಿದ್ದಾರೆ. ಅವರು ಒಂದು ಸಲ ರಾಮನಗರದ ಐಜೂರಿನ ನಮ್ಮ ಮನೆಯ ತಾರಸಿ ಹತ್ತಿ ನೋಡಬೇಕು. ಹೆಂಡತಿ ಹತ್ತು ಮಾತಾಡಿದರೆ ಒಂದು 'ಹೂಂ' ಕೊಡುವ ಈ ಜಯಕುಮಾರ್, ಕೈಗೆ ಮೈಕು ಸಿಕ್ಕಿತೆಂದರೆ ಮುಖ ಕಾಣದ ಕೊಲಂಬೊದವನ ಜೊತೆ, ಜಪಾನಿನವನ ಜೊತೆ ಗಂಟೆಗಟ್ಟಲೆ ಹರಟುತ್ತಾರೆ. ಅವರು ಹ್ಯಾಮ್. ಅಂದರೆ ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸು ತೆಗೆದುಕೊಂಡು, ಬಿಡಿಗಾಸಿನ ಲಾಭವಿಲ್ಲದೆ ಬರೀ ಖುಷಿಗೆ ರೇಡಿಯೊದಲ್ಲಿ ಮಾತಾಡುವ ಒಂದು ಜಾತಿ. ವಿದ್ಯುತ್ ಇಲಾಖೆಯಲ್ಲಿ ಇಂಜಿನಿಯರಾಗಿ ನಿವೃತ್ತರಾದ ಮೇಲಂತೂ ಊಟಕ್ಕೆ ಕರೆಯಲು ನಾನೂ ಲೈಸೆನ್ಸು ಮಾಡಿಸಬೇಕೇನೋ ಎನ್ನುವ ಸ್ಥಿತಿ ಬಂದಿತ್ತು.

ಅವರ ಸಂಘದಲ್ಲಿ ಉಳಿದವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ ಖಾಯಂ ಹಾಜರಿ ಇಬ್ಬರದು. ಕೂಟಗಲ್ಲಿನ ಬೈರಪ್ಪ, ಮಾವು ರೇಷ್ಮೆ ಎರಡೂ ಇರುವ ಗಟ್ಟಿ ಕುಳ. ಮಾಗಡಿಯ ರಾಮಲಿಂಗಯ್ಯ, ಹಿಂದೆ ತಂತಿ ಕಚೇರಿಯಲ್ಲಿದ್ದವರು. ಮೂವರಿಗೂ ತಲೆ ನರೆತಿತ್ತು. ಹೊಸದಾಗಿ ಒಬ್ಬರೂ ಬರುತ್ತಿರಲಿಲ್ಲ. ಎಲ್ಲರ ಕೈಗೂ ಮೊಬೈಲು ಬಂದ ಕಾಲದಲ್ಲಿ, ಪರೀಕ್ಷೆ ಬರೆದು ರೇಡಿಯೊದಲ್ಲಿ ಮಾತಾಡುವ ಕರ್ಮ ಯಾರಿಗೆ ಬೇಕು? "ನಾವು ಮೂವರು ಹೋದ್ರೆ ಈ ಸೀಮೆಯಿಂದ ಒಂದು ದನೀನೂ ಏಳಲ್ಲ ಸರಸು" ಎಂದು ಇವರು ಒಂದು ದಿನ ನನ್ನ ಹತ್ತಿರ ಹೇಳಿದರು. ತಾವು ಕಾಯಿಲೆ ಬಿದ್ದಾಗ ಕೂಡ ಅವರು ಅಷ್ಟು ಸಂಕಟದಿಂದ ಮಾತಾಡಿದ್ದನ್ನು ನಾನು ಕೇಳಿಲ್ಲ.

ಆಗಲೇ ಗುಬ್ಬಿ ಬಂದದ್ದು. ಗುಬ್ಬಿ ಎನ್ನುವುದು ಇವರು ಇಟ್ಟ ಮುದ್ದಿನ ಹೆಸರು. ನಾಲ್ಕೈದು ದೇಶದ ಹ್ಯಾಮುಗಳು ಸೇರಿ ಮಾಡಿ ಮೇಲಕ್ಕೆ ಕಳಿಸಿದ ಪುಟ್ಟ ಉಪಗ್ರಹ ಅದು. ನಮ್ಮ ತಲೆಯ ಮೇಲೆ ಹಾದು ಹೋಗುವ ಕಾಲು ಗಂಟೆಯೊಳಗೆ ಇಲ್ಲಿಂದ ಮಾತು ಕಳಿಸಿದರೆ, ಅದು ಹಿಡಿದು ಸಾವಿರಾರು ಮೈಲಿಯವರೆಗೂ ಮತ್ತೆ ಚೆಲ್ಲುತ್ತದೆ. ಅದಕ್ಕೆ ಎರಡು ರೀತಿ. ಒಂದು ಎಫ್.ಎಂ. ಅದರಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು; ಇಬ್ಬರು ಒಟ್ಟಿಗೆ ಬಾಯಿ ಬಿಟ್ಟರೆ ದೊಡ್ಡ ಸೆಟ್ಟಿನವರ ದನಿ ಮಾತ್ರ ಕೇಳಿಸುತ್ತದೆ. ಮದುವೆಮನೆಗೆ ಒಂದೇ ಬಚ್ಚಲು ಇದ್ದ ಹಾಗೆ. ಆದರೆ ಅಂಗೈಯಗಲದ ರೇಡಿಯೊ ಒಂದಿದ್ದರೆ ಸಾಕು. ಇನ್ನೊಂದು ಎಸ್.ಎಸ್.ಬಿ. ಅದರಲ್ಲಿ ಹತ್ತಾರು ಜನ ಪಕ್ಕಪಕ್ಕದಲ್ಲೇ ತಂತಮ್ಮ ಮಾತಾಡಿಕೊಳ್ಳಬಹುದು. ಆದರೆ ದೊಡ್ಡ ಸೆಟ್ಟು ಬೇಕು, ಜಾರುವ ದನಿಯನ್ನು ಹಿಡಿದು ಹಿಡಿದು ತಿರುಗಿಸುವ ಪಳಗಿದ ಕೈ ಬೇಕು. ಎರಡನ್ನೂ ಒಟ್ಟಿಗೆ ನಡೆಸುವ ತ್ರಾಣ ಗುಬ್ಬಿಗಿರಲಿಲ್ಲ. ಯಾವ ದಿನ ಯಾವುದು ಎಂದು ಒಂದು ಸಮಿತಿ ಇಮೇಲಿನಲ್ಲಿ ತೀರ್ಮಾನಿಸುತ್ತಿತ್ತು. ನಮ್ಮ ಕಡೆಯಿಂದ ಆ ಸಮಿತಿಯಲ್ಲಿದ್ದವರು ಇವರು.

ಬೈರಪ್ಪನವರಿಗೆ ಎಫ್.ಎಂ. ಕಂಡರೆ ಆಗುತ್ತಿರಲಿಲ್ಲ. "ಅದೇನ್ಲಾ ಜಯಣ್ಣ, ಸಂತೇಲಿ ಕೂಗ್ದಂಗೆ ಕೂಗಾದು. ಗುಬ್ಬೀನ ನಮ್ ಕೈಗೆ ಬುಟ್ಬುಡು. ಕಲ್ತೋರಿಗೆ ಒಸಿ ಮರ್ಯಾದೆ ಇರ್ಲಿ" ಎನ್ನುತ್ತಿದ್ದರು.

"ಹೊಸಬ್ರು ಎಲ್ಲಿಂದ ಬರ್ತಾರೆ ಬೈರಪ್ಪ? ಮೊದಲ ದಿನವೇ ದೊಡ್ಡ ಸೆಟ್ ತಗೋ ಅಂದ್ರೆ ಯಾರು ಬರ್ತಾರೆ?" ಎಂದು ಇವರು.

ಈ ಜಗಳಕ್ಕೆ ನಾನು ಮಾಡಿದ ಕಾಫಿ ಲೆಕ್ಕವಿಲ್ಲ.

ಹೊಸಬಳನ್ನು ತಂದುಕೊಟ್ಟವಳು ನಾನೇ. ನಾನು ಚನ್ನಪಟ್ಟಣದ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ. ಭಾನುಪ್ರಿಯ ನನ್ನ ಹಳೆಯ ವಿದ್ಯಾರ್ಥಿನಿ. ಡಿಪ್ಲೊಮಾ ಮುಗಿಸಿ ಬಿಡದಿ ಕಡೆಯ ಒಂದು ಕಾರ್ಖಾನೆಯಲ್ಲಿ, ಗಾಡಿಗಳಿಗೆ ವೈರು ಜೋಡಿಸುವ ಕೆಲಸಕ್ಕೆ ಸೇರಿದ್ದಳು. ಆಗ ಬಿಡದಿಯಲ್ಲಿ ತಿಂಗಳಿಗೊಂದು ಹೊಸ ಶೆಡ್ಡು ಏಳುತ್ತಿತ್ತು. ಬೆಳಗಾದರೆ ಕಂಪನಿ ಬಸ್ಸುಗಳು ಚನ್ನಪಟ್ಟಣದ ಹುಡುಗ ಹುಡುಗಿಯರನ್ನೆಲ್ಲ ತುಂಬಿಕೊಂಡು ಹೋಗುತ್ತಿದ್ದವು. ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು, "ದಿನಾ ವೈರ್ ಸಿಗಿಸ್ತೀನಿ ಮಿಸ್. ಅದರೊಳಗೆ ಏನ್ ಹರಿಯುತ್ತೆ, ಎಲ್ಲಿಗೆ ಹೋಗುತ್ತೆ, ಯಾರೂ ಹೇಳ್ಕೊಡಲ್ಲ" ಎಂದಳು. ನಮ್ಮನೆಗೆ ಬಾ, ಹೇಳಿಕೊಡುವ ಹುಚ್ಚರೊಬ್ಬರಿದ್ದಾರೆ ಎಂದೆ.

ಬಂದಳು. ಬಂದವಳು ಬಿಡಲಿಲ್ಲ. ಶಿಫ್ಟು ಮುಗಿಸಿ, ರಾಮನಗರದಲ್ಲೇ ಇಳಿದು, ಸಮವಸ್ತ್ರದಲ್ಲೇ ನಮ್ಮ ಮನೆಗೆ ಬಂದು ಕೂರುತ್ತಿದ್ದಳು. ಇವರು ಹೇಳುವುದನ್ನೆಲ್ಲ ಹಾಗೇ ನುಂಗುತ್ತಿದ್ದಳು. ಇವರ ಪಾಠದಲ್ಲಿ ವಿದ್ಯುತ್ತಿಗಿಂತ ನಡತೆಯೇ ಹೆಚ್ಚು. ಇನ್ನೊಬ್ಬರು ಮಾತಾಡುತ್ತಿರುವಾಗ ನಡುವೆ ಬಾಯಿ ಹಾಕಬಾರದು. ಮೊದಲು ಕೇಳು, ಆಮೇಲೆ ಹೇಳು. ಹಾಗೆಂದು ನನಗೆ ಒಂದು ದಿನವೂ ಯಾರೂ ಹೇಳಿಕೊಡದ ಕಾರಣ ನಾನು ನಡುನಡುವೆ ಬಾಯಿ ಹಾಕಿ ಬೈಸಿಕೊಳ್ಳುತ್ತಿದ್ದೆ.

ಅವಳು ಪರೀಕ್ಷೆ ಪಾಸಾದಳು. ತನ್ನ ಜೊತೆ ಕೆಲಸ ಮಾಡುವ ಮೂವರನ್ನೂ ಕರೆತಂದು ಪಾಸು ಮಾಡಿಸಿದಳು. ಲೈಸೆನ್ಸು ಕೈಗೆ ಬರಲು ಹಿಡಿದ ಕಾಲದಲ್ಲಿ ಒಂದು ಹೆರಿಗೆ ಆಗಿ ನಾಮಕರಣವೂ ಆಗಬಹುದಿತ್ತು. ಅಂತೂ ಬಂತು, ಅವಳದೇ ಕಾಲ್ ಸೈನ್, ಅಂದರೆ ರೇಡಿಯೊದಲ್ಲಿ ಹೆಸರಿನ ಬದಲು ಹೇಳುವ ಅಕ್ಷರ ಅಂಕಿಗಳ ಗುರುತು. ಸಂಘದ ಒಂದು ಕೈ ರೇಡಿಯೊ ಅವಳಿಗೆ ಕೊಟ್ಟರು. ಏರಿಯಲ್ ಅವಳೇ ಮಾಡಿಕೊಂಡಳು. ಅವಳ ಅಪ್ಪ ಮುನಿರಾಮಯ್ಯ ಬೊಂಬೆ ಮಾಡುವವರು. ಲೇತಿನಲ್ಲಿ ಹಾಲೆಮರದ ಕೋಲೊಂದನ್ನು ಕಡೆದು, ಮಗಳ ಕೆಲಸ ಎಂಬ ಸಂಭ್ರಮಕ್ಕೆ ಕೆಂಪು ಹಳದಿ ಹಸಿರು ಅರಗು ಬಣ್ಣದ ಪಟ್ಟೆ ಹಾಕಿಕೊಟ್ಟಿದ್ದರು. ಅದಕ್ಕೆ ಅವಳು ಬಡಗಿಯ ಉಕ್ಕಿನ ಅಳತೆ ಟೇಪನ್ನು ತುಂಡು ಮಾಡಿ ಅಡ್ಡಡ್ಡ ಕಟ್ಟಿದ್ದಳು.

"ಇದೇನವ್ವ, ತೊಟ್ಲಿಗೆ ಕಟ್ಟಾ ಗಿಲಕಿಯಾ?" ಎಂದು ಬೈರಪ್ಪ ನಕ್ಕರು. ಆದರೆ ಅದನ್ನು ಮೀಟರಿಗೆ ಹಾಕಿ ನೋಡಿದ ಇವರು ನಗಲಿಲ್ಲ. "ಚೆನ್ನಾಗಿದೆ" ಎಂದರು. ನನ್ನ ಅಡುಗೆಗೆ ಮೂವತ್ತು ವರ್ಷದಲ್ಲಿ ಸಿಗದ ಮಾತು ಅದು.

ಆ ಹುಮ್ಮಸ್ಸಿನಲ್ಲಿ ಇವರು ಸಮಿತಿಯ ಮುಂದೆ ಹಟ ಹಿಡಿದರು. ವಾರದಲ್ಲಿ ಒಂದು ದಿನ ಗುಬ್ಬಿ ಎಫ್.ಎಂ.ನಲ್ಲಿ ಇರಲಿ, ಅದು ಹೊಸಬರ ದಿನ ಎಂದಾಗಲಿ. ಮಿಕ್ಕ ಆರು ದಿನ ಹಳಬರು ತಮ್ಮ ಎಸ್.ಎಸ್.ಬಿ. ಇಟ್ಟುಕೊಳ್ಳಲಿ. ಯಾವ ದಿನ? ಎಲ್ಲರಿಗೂ ಬಿಡುವಿರುವ ಭಾನುವಾರ. ಇದರಲ್ಲಿ ಕೇಳುವುದೇನಿದೆ? ಸಮಿತಿ ಒಪ್ಪಿತು, ಒಂದು ಷರತ್ತಿನ ಮೇಲೆ. ಮೂರು ತಿಂಗಳು ನೋಡುವುದು. ನಮ್ಮ ಭಾಗದಿಂದ ಹೊಸ ದನಿಗಳು ಕೇಳಿಸಿದರೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಇಲ್ಲ. ರಾಮನಗರ ಜಿಲ್ಲೆಯಾದ ವರ್ಷ ಅದು. ಊರಲ್ಲಿ ಬಾವುಟ ಬ್ಯಾನರು ಕಟ್ಟಿದ್ದರು. ಇವರು ಮಾತ್ರ ತಮ್ಮ ಭಾನುವಾರಕ್ಕೇ ಅದನ್ನೆಲ್ಲ ಕಟ್ಟಿದ್ದಾರೆ ಎಂಬಂತೆ ಓಡಾಡಿಕೊಂಡಿದ್ದರು.

ಮೊದಲ ಭಾನುವಾರ ಬೆಳಗ್ಗೆಯೇ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ತಾರಸಿಯಲ್ಲಿ ಕೂತರು. ರೇಡಿಯೊದಲ್ಲಿ ಶರಟು ಕಾಣಿಸುತ್ತದೆಯೇ ಎಂದು ಕೇಳಿದೆ. ಕಾಲರು ಸರಿಮಾಡಿಕೊಂಡರು. ಗುಬ್ಬಿ ಬೆಟ್ಟದ ಹಿಂದಿನಿಂದ ಎದ್ದಿತು. "ಹೊಸಬರು ಯಾರಾದರೂ ಇದ್ದರೆ ಬನ್ನಿ, ಇದು ನಿಮ್ಮ ದಿನ" ಎಂದು ಕರೆದರು. ಎಲ್ಲೋ ದೂರದ ದನಿಯೊಂದೆರಡು ಬಂದುಹೋದವು. ಭಾನುಪ್ರಿಯ ಬರಲಿಲ್ಲ. ಅವಳ ಗೆಳೆಯರೂ ಬರಲಿಲ್ಲ. ಎರಡನೆಯ ಭಾನುವಾರವೂ ಇಲ್ಲ. ಮೂರನೆಯದೂ ಇಲ್ಲ. ಆ ವಾರಗಳಲ್ಲಿ ಅವಳು ಮನೆಗೂ ಬಂದಿರಲಿಲ್ಲ. ಓವರ್‌ಟೈಮ್ ಇರಬೇಕು ಎಂದುಕೊಂಡೆವು.

"ಒಂದು ಫೋನ್ ಮಾಡಿ ಕೇಳಿ" ಎಂದೆ.

"ಎಲೆ ಹಾಕಿದ ಮೇಲೂ ಕೈಹಿಡಿದು ಕರೆದು ಕೂರಿಸೋಕೆ ಇದೇನು ಬೀಗರೂಟವಾ? ಅವರಿಗೋಸ್ಕರ ಊರೂರಿನವರ ಜೊತೆ ಜಗಳ ಆಡಿದೀನಿ. ಆಸೆ ಇದ್ದರೆ ಬರ್ತಾರೆ" ಎಂದರು. ನೋವಾಗಿತ್ತು. ನಮ್ಮ ಮನೆಯವರಿಗೆ ನೋವಾದರೆ ಅದು ಬಿಗುಮಾನದ ಅಂಗಿ ತೊಟ್ಟೇ ಹೊರಗೆ ಬರುವುದು.

ಒಂದು ಭಾನುವಾರ, ಅವಧಿ ಮುಗಿಯುವುದಕ್ಕೆ ಕೆಲವೇ ವಾರ ಇದ್ದಾಗ, ಇವರಿಗೆ ಹೊಸ ಯೋಚನೆ ಬಂತು. ಹೊಸಬರಿಗೆ ಹೇಗೆ ಮಾತಾಡಬೇಕೆಂದು ತಿಳಿಯದೆ ಹೆದರಿಕೊಂಡಿರಬಹುದು. ನಿಯಮಗಳನ್ನು ಕನ್ನಡದಲ್ಲಿ ಓದಿಬಿಡೋಣ ಎಂದು. ಅಂದು ಗುಬ್ಬಿ ನೆತ್ತಿಯ ಮೇಲೇ ಹಾದುಹೋಗುವ ದಿನ, ಅಷ್ಟು ಒಳ್ಳೆಯ ಅವಕಾಶ ಅಪರೂಪ. ಇವರು ಮೈಕು ಹಿಡಿದು ಶುರು ಮಾಡಿದರು. "ಮಾತು ಚಿಕ್ಕದಾಗಿರಲಿ. ಒಬ್ಬರೇ ಬಹಳ ಹೊತ್ತು ಮಾತಾಡಬೇಡಿ. ಬೇರೆಯವರಿಗೂ ಅವಕಾಶ ಕೊಡಿ." ನಾನು ಪಕ್ಕದಲ್ಲಿ ಹಪ್ಪಳ ಒಣಗಿಸುತ್ತಾ ಕೇಳುತ್ತಿದ್ದೆ. ಚೆನ್ನಾಗಿಯೇ ಓದುತ್ತಿದ್ದಾರೆ ಅನ್ನಿಸಿತು. ನಡುವೆ ನೀರು ಕುಡಿಯಲು ಒಂದು ಸಲ ನಿಲ್ಲಿಸಿದರು. ಕೂಡಲೇ ಕೂಟಗಲ್ಲಿನಿಂದ ಬೈರಪ್ಪನವರ ದೊಡ್ಡ ಸೆಟ್ಟು ಗುಡುಗಿತು: "ಬೇಷ್ ಜಯಣ್ಣ! ಹಿಂಗ್ ಹೇಳ್ಬೇಕು, ಮುಂದ್ವರ್ಸಿ." ಮುಂದುವರಿಸಿದರು. ಓದಿ ಮುಗಿಸಿ, "ಈಗ ಹೊಸಬರು ಬರಬಹುದು" ಎಂದು ಮೈಕು ಬಿಡುವ ಹೊತ್ತಿಗೆ ಗುಬ್ಬಿ ಇನ್ನೊಂದು ದಿಕ್ಕಿನ ಬೆಟ್ಟದ ಹಿಂದೆ ಇಳಿದಿತ್ತು. ಬರೀ ಸೊರ್ ಎನ್ನುವ ಸದ್ದು.

ಮೂರು ತಿಂಗಳು ಮುಗಿಯಿತು. ಈ ಭಾಗದ ಹೊಸ ದನಿ ಒಂದೂ ಇಲ್ಲ. ಸಮಿತಿಯವರು ಅಭಿಪ್ರಾಯ ಕೇಳಿದರು. ಇವರು ಇನ್ನೊಂದು ಅವಕಾಶ ಕೇಳಬಹುದಿತ್ತು. ಕೇಳಲಿಲ್ಲ. "ನಮ್ಮ ಕಡೆಯ ಹೊಸಬರಿಗೆ ಆಸಕ್ತಿ ಇಲ್ಲ" ಎಂದು ಬರೆದು, ಎಫ್.ಎಂ. ನಿಲ್ಲಿಸಲು ತಾವೇ ಮೊದಲು ಕೈ ಎತ್ತಿದರು. ಅಂದು ಸಂಜೆ ಬೈರಪ್ಪ ಒಂದು ಬುಟ್ಟಿ ಸಪೋಟ ತಂದುಕೊಟ್ಟು, "ಓಗ್ಲಿ ಬುಡ್ಲಾ. ಈಗಿನ್ ಉಡುಗ್ರು ಅಂಗೇ ಕಣ್ಲಾ" ಎಂದು ಸಮಾಧಾನ ಹೇಳಿದರು. ಇವರು ಒಂದೂ ತಿನ್ನಲಿಲ್ಲ.

ಅದಾಗಿ ಕೆಲವು ವಾರದ ಮೇಲೆ, ಶಾಲೆ ಮುಗಿಸಿ ಬರುವಾಗ ಭಾನುಪ್ರಿಯ ಅಂಗಡಿಯಲ್ಲಿ ತರಕಾರಿ ಆರಿಸುತ್ತಾ ಸಿಕ್ಕಳು. ನೋಡಿದ ತಕ್ಷಣ ನನಗೆ ಸಿಟ್ಟು ಬಂತು. ಮೇಷ್ಟರ ಸಿಟ್ಟು ಎಷ್ಟು ವರ್ಷವಾದರೂ ಹೋಗುವುದಿಲ್ಲ.

"ಏನೇ, ಸಾರ್ ಅಷ್ಟು ವಾರ ಕರೆದ್ರು. ಒಂದು ಭಾನುವಾರ ಬಂದು ಒಂದು ಮಾತು ಹೇಳೋಕಾಗಲಿಲ್ವ ನಿನಗೆ?"

ಅವಳ ಮುಖ ಸಣ್ಣದಾಯಿತು. "ಭಾನುವಾರ ನಮಗೆ ಡ್ಯೂಟಿ ಮಿಸ್. ನಮ್ ಕಂಪ್ನಿಗೆ ವಾರದ ರಜ ಗುರುವಾರ. ನಮ್ ನಾಲ್ಕೂ ಜನಕ್ಕೂ ಅಷ್ಟೇ."

ನಾನು ಅಲ್ಲೇ ನಿಂತೆ. "ಅದನ್ನ ಸಾರ್‌ಗೆ ಹೇಳಬಾರದಾ?"

"ಅದು ಸ್ಯಾಟಲೈಟ್ ಮಾಡಿದಾಗ್ಲೇ ಹಂಗೇ ಮಾಡಿರ್ತಾರೆ ಅನ್ಕೊಂಡೆ ಮಿಸ್. ಭಾನುವಾರ ಮಾತ್ರ ಎಫ್.ಎಂ. ಬರೋ ಥರ. ಅದನ್ನ ಜನ ಕೂತು ಬದಲಾಯಿಸ್ತಾರೆ ಅಂತ ನನಗೇನ್ ಗೊತ್ತು?"

ಆಮೇಲೆ ಮೆಲ್ಲಗೆ ಉಳಿದದ್ದನ್ನು ಹೇಳಿದಳು. ಒಂದು ಭಾನುವಾರ, ಜ್ವರ ಎಂದು ಸೂಪರ್‌ವೈಸರಿಗೆ ಸುಳ್ಳು ಹೇಳಿ ರಜೆ ಹಾಕಿದ್ದಳು. ತಾರಸಿಯ ಮೇಲೆ ನಿಂತಿದ್ದಳು. ಮುನಿರಾಮಯ್ಯನವರೂ ಲೇತು ನಿಲ್ಲಿಸಿ, ಮಗಳು ಆಕಾಶದ ಜೊತೆ ಮಾತಾಡುವುದನ್ನು ನೋಡಲು ಮೇಲೆ ಬಂದಿದ್ದರು. ಗುಬ್ಬಿ ಬಂತು. ಅದರಲ್ಲಿ ಸಾರ್ ದನಿ ಬಂತು. ನಿಯಮ ಓದುತ್ತಿದ್ದರು.

"ನಡುವೆ ಬಾಯಿ ಹಾಕಬಾರದು ಅಂದಿದ್ರಲ್ಲ ಮಿಸ್. ಮುಗೀಲಿ ಅಂತ ಕಾದೆ. ಒಂದ್ ಸಲ ನಿಲ್ಲಿಸಿದ್ರು. ಕಾಲ್ ಸೈನ್ ಹೇಳ್ದೆ. ಅಷ್ಟರಲ್ಲಿ ಬೈರಪ್ಪನೋರು ಬಂದ್ಬುಟ್ರು. ಆಮೇಲೆ ಮತ್ತೆ ಸಾರ್ ಓದಿದ್ರು. ಮುಗಿಯೋ ಹೊತ್ಗೆ ಅದು ಮುಳುಗೋಗಿತ್ತು." ಒಂದು ಬದನೆಕಾಯಿ ಎತ್ತಿ ನೋಡಿ ಮತ್ತೆ ಇಟ್ಟಳು. "ನಂದೇ ಏರಿಯಲ್ ಸರಿಗಿಲ್ವೇನೋ ಅನ್ನಿಸ್ತು. ಅಪ್ಪನ ಮುಂದೆ ಒಂಥರಾ ಆಯ್ತು. ಮೊದಲು ಓವರ್‌ಟೈಮ್ ಇತ್ತು, ಆಮೇಲೆ ನಿಮ್ಮನೆಗೆ ಬರೋಕೂ ಮುಖ ಬರಲಿಲ್ಲ."

ಮನೆಗೆ ಬಂದವಳೇ ಚಪ್ಪಲಿ ಬಿಡುವ ಮುಂಚೆ ಎಲ್ಲ ಹೇಳಿದೆ. ಇವರು ರೇಡಿಯೊದ ಮುಚ್ಚಳ ಬಿಚ್ಚಿ ಏನೋ ಬೆಸುಗೆ ಹಾಕುತ್ತಿದ್ದರು. ಕೈ ಹಾಗೇ ನಿಂತಿತು.

"ಬಿಡದಿ ಕಡೆ ಕಾರ್ಖಾನೆಗಳಿಗೆ ಒಂದೊಂದಕ್ಕೆ ಒಂದೊಂದು ದಿನ ರಜೆ ಇರುತ್ತೆ ಅಂತ ನಿಮಗೆ ಗೊತ್ತಿರಲಿಲ್ವ?" ಎಂದೆ.

"ಗೊತ್ತಿತ್ತು" ಎಂದರು. ಬೆಸುಗೆ ಕಡ್ಡಿ ಕೆಳಗಿಟ್ಟು, "ಕರೆಂಟಿನ ಹೊರೆ ಹಂಚೋಕೆ ಅಂತ ಆ ದಿನಗಳನ್ನ ಹಂಚಿ ಸುತ್ತೋಲೆ ತಗೊಂಡು ಹೋಗಿದ್ದವನು ನಾನೇ" ಎಂದರು.

ಬೈಯಬೇಕೆಂದು ಬಾಯಿ ತುಂಬ ಮಾತು ಇಟ್ಟುಕೊಂಡು ಬಂದಿದ್ದೆ. ಆ ಮುಖ ನೋಡಿ, ಚಪ್ಪಲಿ ಬಿಟ್ಟು ಬಂದು ಪಕ್ಕದಲ್ಲಿ ಕೂತೆ. ಎಷ್ಟು ವ್ಯಾಟು, ಎಷ್ಟು ಎತ್ತರ, ಯಾವ ರೀತಿ ಎಂದು ಪ್ರಪಂಚವನ್ನೆಲ್ಲ ವಿಚಾರಿಸಿದ ಮನುಷ್ಯ, ನಿನಗೆ ಯಾವತ್ತು ರಜೆ ಎಂದು ಒಂದು ಮಾತು ಕೇಳಿರಲಿಲ್ಲ. ಭಾನುವಾರ ಎಂದರೆ ರಜೆ ಎನ್ನುವುದು ನಮ್ಮಂಥ ಸರ್ಕಾರಿ ಸಂಬಳದವರ ರಕ್ತದಲ್ಲೇ ಇರುತ್ತದೆ.

ಅಂದೇ ಸಮಿತಿಗೆ ಬರೆದರು. ತಪ್ಪು ನನ್ನದು, ಹೊಸಬರದಲ್ಲ. ದಯವಿಟ್ಟು ಒಂದೇ ಒಂದು ಗುರುವಾರ ಎಫ್.ಎಂ. ಕೊಡಿ ಎಂದು. ಬೈರಪ್ಪನವರಿಗೂ ವಿಷಯ ಹೇಳಿದರು. ಆ ಗಟ್ಟಿ ಮನುಷ್ಯ ಕೂಡ ತಲೆ ಮೇಲೆ ಟವಲು ಎಳೆದುಕೊಂಡು, "ಆ ಮಗಿನ್ ದನಿ ಮ್ಯಾಲೆ ನಾನ್ ಕುಂತ್ಬುಟ್ನಲ್ಲ ಜಯಣ್ಣ" ಎಂದು ಕೂತುಬಿಟ್ಟರು. ತಾವೇ ಎಫ್.ಎಂ. ಪರವಾಗಿ ಸಮಿತಿಗೆ ಇನ್ನೊಂದು ಇಮೇಲು ಕಳಿಸಿದರು. ಅದಕ್ಕೆ ರಾಮಲಿಂಗಯ್ಯನವರ ಹೆಸರನ್ನೂ ಸೇರಿಸಿದರು.

ಉತ್ತರ ನಿಧಾನವಾಗಿ ಬಂತು, ಮೆದುವಾಗಿಯೇ ಬಂತು. ಗುಬ್ಬಿಯ ಬ್ಯಾಟರಿ ಸೊರಗಿದೆ. ಎಫ್.ಎಂ. ಹಾಕಿದರೆ ಹೆಚ್ಚು ಕರೆಂಟು ಎಳೆಯುತ್ತದೆ, ಇನ್ನು ಆ ಭಾರ ಅದು ಹೊರಲಾರದು. ಇರುವಷ್ಟು ದಿನ ಎಸ್.ಎಸ್.ಬಿ.ಯಲ್ಲೇ ಇಡುತ್ತೇವೆ. ಕ್ಷಮಿಸಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಮಕ್ಕಳಿಗೆ ಗಾದೆ ವಿಸ್ತರಿಸಲು ಎಷ್ಟು ಸಲ ಕೊಟ್ಟಿದ್ದೇನೋ. ಅದು ನಮ್ಮ ಮನೆಗೇ ಬಂದು ಕೂತಿತು.

ಮುಂದಿನ ಗುರುವಾರ ಇವರು ನನ್ನನ್ನು ಕರೆದುಕೊಂಡು ಚನ್ನಪಟ್ಟಣಕ್ಕೆ ಹೋದರು. ಒಬ್ಬರೇ ಹೋಗುವ ಧೈರ್ಯವಿರಲಿಲ್ಲ. ಮುನಿರಾಮಯ್ಯ ಕೈಯ ಅರಗು ಒರೆಸಿಕೊಂಡು ಬಂದು ಚಾಪೆ ಹಾಸಿದರು. ಭಾನುಪ್ರಿಯ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದವಳು ಗಾಬರಿಯಿಂದ ಎದ್ದಳು.

"ತಪ್ಪಾಯ್ತಮ್ಮ" ಎಂದರು ಇವರು. ಸುತ್ತುಬಳಸಲಿಲ್ಲ. ದಿನ ಕೇಳದೆ ಇದ್ದದ್ದು, ನಿಯಮ ಓದಿದ್ದು, ತಾವೇ ನಿಲ್ಲಿಸಿ ಎಂದು ಬರೆದದ್ದು, ಇನ್ನು ಅದು ಬರುವುದಿಲ್ಲ ಎನ್ನುವುದು, ಎಲ್ಲ ಹೇಳಿದರು.

ಅವಳಿಗೆ ಕೂರಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. "ಅಯ್ಯೋ, ನೀವ್ ಹಂಗೆಲ್ಲ ಅನ್ಬೇಡಿ ಸಾರ್" ಎಂದಳು. ನೀರು ತಂದು ಕೊಟ್ಟಳು. ಗುರುವಾರ ಈಗ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೇನೆ, ಜೊತೆಯ ಮೂವರಲ್ಲಿ ಇಬ್ಬರು ಕೆಲಸ ಬಿಟ್ಟು ಹೊಸೂರಿಗೆ ಹೋದರು ಎಂದಳು. ಮಾತು ಮುಗಿದ ಹಾಗಾಯಿತು. ನಾವು ಏಳಬೇಕು ಎನ್ನುವಾಗ ಅವಳು ಬಾಗಿಲಿಗೆ ಒರಗಿ ನಿಂತು ಕೇಳಿದಳು.

"ಸಾರ್, ಅವತ್ತು ಮಧ್ಯದಲ್ಲಿ ನಿಲ್ಲಿಸಿದ್ರಲ್ಲ, ಆಗ ನನ್ ಕಾಲ್ ಸೈನ್ ಹೇಳ್ದೆ. ಒಂದಕ್ಷರನಾದ್ರೂ ಕೇಳಿಸ್ತಾ?"

ಈ ಹ್ಯಾಮುಗಳಲ್ಲಿ ಒಂದು ಕಟ್ಟುನಿಟ್ಟಿದೆ. ನೀನು ಹೇಳಿದ್ದು ಅವನಿಗೆ ಕೇಳಿಸಿರಬೇಕು, ಅವನು ಹೇಳಿದ್ದು ನಿನಗೆ ಕೇಳಿಸಿರಬೇಕು. ಎರಡೂ ಆದರೆ ಮಾತ್ರ ಅದು ಮಾತುಕತೆ. ನೋಡುವವರಿಲ್ಲ, ಸಾಕ್ಷಿಯಿಲ್ಲ, ಅವರವರ ಬಾಯಿಮಾತೇ ಪ್ರಮಾಣ. ಇವರು 'ಕೇಳಿಸಿತು' ಎಂದಿದ್ದರೆ ಅವಳು ಒಂದು ಸಲ ಆಕಾಶದಿಂದ ಮಾತಾಡಿದವಳಾಗುತ್ತಿದ್ದಳು. ಆಯುಷ್ಯವಿಡೀ ಹೇಳಿಕೊಳ್ಳಬಹುದಿತ್ತು. ಮುನಿರಾಮಯ್ಯ ಕೂಡ ಇವರ ಬಾಯಿಯನ್ನೇ ನೋಡುತ್ತಿದ್ದರು. ಹೇಳಿ, ಹೇಳಿಬಿಡಿ ಎಂದು ನನ್ನ ಜೀವವೆಲ್ಲ ಕೂಗುತ್ತಿತ್ತು.

"ಇಲ್ಲಮ್ಮ" ಎಂದರು ಇವರು. "ಬೈರಪ್ಪನ ದನಿಯೊಂದೇ ಕೇಳಿಸಿದ್ದು."

"ಹಂಗಾದ್ರೆ ಅದು ಆಗಿಲ್ಲ ಅಂತ್ಲೇ ಅಲ್ವಾ ಸಾರ್" ಎಂದಳು, ಪಾಠ ಒಪ್ಪಿಸುವ ದನಿಯಲ್ಲಿ.

"ಆಗಿಲ್ಲ."

ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ಕೇಳಿಸ್ತು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಎಂಥ ಕಲ್ಲು ಮನಸ್ಸು ನಿಮ್ಮದು?" ಎಂದೆ. ಅಳು ಬಂದಿತ್ತು. ಪಕ್ಕದ ಸೀಟಿನವರು ತಿರುಗಿ ನೋಡಿದರು. ನೋಡಿಕೊಳ್ಳಲಿ ಎಂದು ಬಿಟ್ಟೆ.

ಬಸ್ಸು ಊರು ದಾಟಿ ಹೆದ್ದಾರಿಗೆ ಬಂದ ಮೇಲೆ ಇವರು ಹೇಳಿದರು.

"ನಾನು ಹೇಳ್ಕೊಟ್ಟಿದ್ದನ್ನ ಪೂರ್ತಿ ನಂಬಿದೋಳು ಅವಳೊಬ್ಬಳೇ ಕಣೆ. ನಂಬಿದ್ದಕ್ಕೇ ಅವತ್ತು ಸುಮ್ಮನೆ ಕಾದಳು. ಅವಳ ಹತ್ರ ಹೇಗೆ ಸುಳ್ಳು ಹೇಳ್ಲಿ?"

ಆದರೂ ಇವರು 'ಕೇಳಿಸಿತು' ಎಂದು ಹೇಳಬೇಕಾಗಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.